ಮುತ್ಯಾನ ಮೀಸಿ

ಕಲ್ಲೋಳಿಯ ಪಂಪ್‌ಸೆಟ್ ಸೋಮಪ್ಪಗ ಗೊತ್ತಿಲ್ಲದ್ದು ಈ ಭೂಮಂಡಲದಾಗ ಯಾವುದೂ ಇಲ್ಲ. ಪೈಪು-ಪಂಪಿನ ಅಂಗಡಿ ಗಲ್ಲಾದ ಮ್ಯಾಲ ಕುಂತು, ಮೀಸಿ ತಿರುವಿಕೋತ, ಮಳಿ ಯಾವತ್ತ ಬರತೈತಿ, ಯಾರ ಬೋರಿಗೆ ಎಲ್ಲಿ ನೀರ ಬೀಳತೈತಿ, ಯಾರ ಎಮ್ಮಿ ಹೆಣ್ಣಗರ ಹಾಕತೈತಿ ಅಂತ ಕೇಳಿದವರಿಗೂ ಹೇಳತಾನ, ಕೇಳದವರಿಗೂ ಹೇಳತಾನ. (ಹೇಳಿದಂಗ ಮಳಿ ಬರಲಿಲ್ಲಂದ್ರ ತಪ್ಪು ಮಳೀದು, ಸೋಮಪ್ಪಂದಲ್ಲ.) ಇಂಥಾ ತ್ರಿಕಾಲಜ್ಞಾನಿಗೆ ಎದುರ ಮಾತಾಡಾಕಿ ಅಂದ್ರ ಹೆಂಡತಿ ಅಕ್ಕವ್ವ ಒಬ್ಬಾಕಿ. ಆಕೀದು ಮದಿವ್ಯಾದ ಮರುದಿನದಿಂದ ನಡದೈತಿ, ಸೋಮಪ್ಪಗ ಫ್ಯಾನಿನ ಸಪ್ಪಳದಂಗ ರೂಢಿಯಾಗಿ ಹೋಗೇತಿ.

ಆದ್ರ ಆ ಐತವಾರ ಮಧ್ಯಾಹ್ನ ಊಟಕ್ಕ ಕುಂತಾಗ ಬಾಯಿ ತಗದಾಕಿ ಅಕ್ಕವ್ವ ಅಲ್ಲ, ಸೊಸಿ ಸುಜಾತಾ.

“ಮಾವಾರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಮನಿ ಹಿಂದಿನ ಎರಡ ಎಕರೆ ಸುಮ್ನ ಬಿದ್ದೈತೆಲ್ಲ, ಅದನ್ನ ನನಗ ಕೊಡ್ರಿ. ಕಬ್ಬಿನ ಸಸಿ ಮಾಡ್ತೇನಿ. ತುಕ್ಕಾನಟ್ಟಿ ಒಳಗ ನಮ್ಮಪ್ಪನ ಕೂಡ ಸಣ್ಣಾಕಿ ಇದ್ದಾಗಿಂದ ಮಾಡೇನ್ರಿ, ಕೈ ಕುಂತೈತಿ.”

ಸೋಮಪ್ಪನ ಕೈಯಾಗಿನ ತುತ್ತು ಅಲ್ಲೇ ನಿಂತಿತು. “ಅದು ಪೈಪಿನ ಗೋಡೌನಿಗೆ ಇಟ್ಟ ಜಾಗಾ ಐತಿ ತಂಗಿ.”

“ಗೋಡೌನಿಗೆ ಎರಡ ಎಕರೆ ಯಾಕ ಬೇಕ್ರಿ? ಪೈಪ ಏನ ಅಲ್ಲಿ ಓಡ್ಯಾಡತಾವೇನು?” ಅಂದ್ಲು ಅಕ್ಕವ್ವ, ಸಾರು ಬಡಿಸಿಕೋತ.

“ನೀ ಸುಮ್ಕಿರು. ಸಸಿ ಅಂದ್ರ ಯಾರ ನಿಂತ ಮಾಡಾವ್ರು?”

“ನಾನ ರಿ,” ಅಂದ್ಲು ಸುಜಾತಾ.

“ನೀನ? ಬಿಸಲಾಗ? ಕೆಸರಾಗ? ನಾಲ್ಕ ಮಂದಿ ಆಳಿನ ನಡುವ?” ಸೋಮಪ್ಪ ತಾಟು ಬಾಜೂಕ ಸರಿಸಿದ. ತಾಟು ಸರಿಸಿದ ಅಂದ್ರ ಭಾಷಣ ಐತಿ ಅಂತ ಅರ್ಥ. “ಕೇಳ್ರಿ ಎಲ್ಲಾರೂ. ನಮ್ಮ ಮನಿತನದಾಗ ಏಳ ತಲಿಮಾರಿನಿಂದ ಹೆಣ್ಣಮಕ್ಕಳು ಹೊಲಕ್ಕ ಕಾಲ ಇಟ್ಟಿಲ್ಲ. ಗಂಡಸೂರ ದುಡದಾರ, ಹೆಣ್ಣಮಕ್ಕಳು ರಾಣಿಯಾರಂಗ ಮನ್ಯಾಗ ಕುಂತಾರ.”

“ನಾ ಯಾವತ್ತ ಕುಂತಿದ್ದೆ?” ಅಂದ್ಲು ಅಕ್ಕವ್ವ. “ಆ ಏಳ ತಲಿಮಾರು ನೀವ ಹೋಗಿ ನೋಡಿ ಬಂದ್ರೇನು?”

ಮಗ ಮಹೇಶ ತಾಟಿನೊಳಗ ಮುಖ ಇಟ್ಟ. ಆ ಕಡೆ ನೋಡಿದ್ರ ಅಪ್ಪ, ಈ ಕಡೆ ನೋಡಿದ್ರ ಹೆಂಡತಿ. ರೊಟ್ಟಿ ಒಂದ ಯಾರ ಕಡೇನೂ ಇರಲಿಲ್ಲ.

ಸುಜಾತಾನ ಕಣ್ಣ ತುಂಬಿದ್ದು ಎಲ್ಲಾರಿಗೂ ಕಂಡಿತು. ಮದಿವ್ಯಾಗಿ ಬಂದಾಗಿಂದ ಆ ಹುಡುಗಿ ಹಿತ್ತಲ ಬಾಗಲದಾಗ ನಿಂತು ಆ ಖಾಲಿ ಹೊಲಾ ನೋಡೂದು ಮನಿ ಮಂದಿಗೆಲ್ಲ ಗೊತ್ತಿತ್ತು. ಹುಟ್ಟಿದಾಗಿಂದ ಮಣ್ಣಾಗ ಕೈ ಇಟ್ಟಾಕಿಗೆ ಆ ಎರಡ ಎಕರೆ ಅಂದ್ರ ಹಸದವನ ಮುಂದ ಮುಚ್ಚಿಟ್ಟ ಊಟ ಇದ್ದಂಗ. ಅದು ಸೋಮಪ್ಪಗೂ ತಿಳೀತಿತ್ತು. ಆದ್ರ ಆಡಿದ ಮಾತು ತಿರುಗಿ ತಗೊಂಡ್ರ ಮೀಸಿ ಇಟ್ಟು ಏನ ಉಪಯೋಗ? ಮಾತಿಗೆ ಒಂದು ಪುರಾವೆ ಬೇಕು, ಯಾರೂ ಎದುರ ಮಾತಾಡಬಾರದಂಥಾದ್ದು. ಕೈ ತೊಳಕೊಳ್ಳೂದ್ರಾಗ ಅಂವಗ ಮುತ್ಯಾನ, ಅಂದ್ರ ಅಪ್ಪನ ಅಪ್ಪನ, ಫೋಟೋ ನೆನಪಾತು.

ಸೋಮಪ್ಪನ ಮೂಲ ಊರು ಕುಲಗೋಡ. ಆ ಊರಾಗ ಯಾರ ಮನಿಗೆ ಹೋಗಿ ಹಿರ್ಯಾರ ಫೋಟೋ ನೋಡ್ರಿ, ಎಲ್ಲಾರ ಮೈ ಮ್ಯಾಲೂ ಅದ ಒಂದು ಕರೇ ಕೋಟು. ಹಿಂದಕ ಫೋಟೋದಾಂವ ಊರಿಗೆ ಬಂದಾಗ ಊರಾಗ ಇದ್ದದ್ದ ಒಂದು ಕೋಟು, ಗೌಡ್ರ ಮನೀದು. ದಪ್ಪನವಂಗ ಗುಂಡಿ ಹತ್ತಿಲ್ಲ, ಸಣ್ಣವಂಗ ತೋಳು ಮೊಳಕಾಲ ಮುಟ್ಟೇತಿ, ಆದ್ರೂ ಎಲ್ಲಾರೂ ಹಾಕ್ಕೊಂಡ ನಿಂತಾರ. ಸೋಮಪ್ಪನ ತಮ್ಮನ ಮನಿ ಅಡಗಿ ಗ್ವಾಡಿಗೆ ತೂಗಿದ್ದ ಫೋಟೋ ಒಂದ ಬ್ಯಾರೆ. ಅದರಾಗ ಕೋಟಿಲ್ಲ. ಮೊಳಕಾಲ ತನಕ ಎತ್ತಿ ಕಟ್ಟಿದ ಕಚ್ಚಿ, ಮಾಸಿದ ಅಂಗಿ, ತಲಿಗೆ ಸುತ್ತಿದ ವಸ್ತ್ರ, ಹೆಗಲ ಮ್ಯಾಲ ಕಂಬಳಿ, ಕೈಯಾಗ ಕುಡಗೋಲು. ಹಿಂದ ಆಳೆತ್ತರ ಜೋಳ. ಮುಖದ ಮ್ಯಾಲ ‘ಲಗೂ ತಗದ ಮುಗಸು, ನನಗ ಕೆಲಸ ಐತಿ’ ಅನ್ನೋ ಗತ್ತು.

ಮುತ್ಯಾ, ಅಂವನ ಹೆಂಡತಿ ಆಯಿ, ಇಬ್ಬರೂ ಸೋಮಪ್ಪ ಹುಟ್ಟೂಕಿಂತ ಮೊದಲ ಹೋದವರು, ಅಂವ ಇಬ್ಬರನ್ನೂ ಕಣ್ಣಿಲೆ ಕಂಡಿಲ್ಲ. ಅಪ್ಪ ಬರೇ “ಹಿರ್ಯಾರ ಫೋಟೋ, ಕೆಡವಬ್ಯಾಡ” ಅಂತಿದ್ದ. ಅಷ್ಟ ಸಾಕಾತು. ಕುಡಗೋಲ ಹಿಡಕೊಂಡು ಹಂಗ ಎದಿ ಉಬ್ಬಿಸಿ ನಿಂತಾಂವ ಮುತ್ಯಾ ಅಲ್ಲದ ಮತ್ತ ಯಾರು?

“ಆ ಫೋಟೋ ಬಾಗಲದಷ್ಟ ದೊಡ್ಡದ ಮಾಡಿಸಿ ಹಾಲಿನಾಗ ಹಾಕತೇನಿ,” ಅಂತ ಘೋಷಣಾ ಆತು. “ಬಾಜೂಕ ಅದ ಡ್ರೆಸ್ಸಿನಾಗ ನಂದೂ ಒಂದು. ಮುತ್ಯಾ ಮತ್ತ ನಾನು, ಒಂದ ಅಚ್ಚಿನಾಗ ಎರಕಾ ಹೊಯ್ದಂಗ ಅದೀವಿ. ಅದನ್ನ ನೋಡಿದ ಮ್ಯಾಲ ಈ ಮನಿ ಹೊಲಾ ಯಾರದು ಅಂತ ಯಾರೂ ಕೇಳೂದಿಲ್ಲ.”

ಮರುದಿನ ತಮ್ಮನ ಮನಿಯಿಂದ ಫೋಟೋ ಇಳಿಸಿಕೊಂಡು ಸೀದಾ ಗೋಕಾಕ. ಬಸ್‌ಸ್ಟ್ಯಾಂಡ ಕಡೆ ಸಣ್ಣ ಸ್ಟುಡಿಯೋ ಇಟ್ಟ ಮುತ್ತಪ್ಪ ಆ ಹೊಗಿ ಹಿಡದ ಫೋಟೋ ಕಂಪ್ಯೂಟರಿಗೆ ಹಾಕಿ, ದೊಡ್ಡದ ಮಾಡಿ, ತಲಿ ಕೆರಕೊಂಡ.

“ಸಾಹುಕಾರ್ರ, ಮೂಗಿನ ಕೆಳಗ ಈ ಕರೇದು ಏನ್ರಿ? ಹಸಿ ಹಿಡದು ಕಲಿ ಬಿದ್ದ ಡಾಗ ಇದ್ದಂಗ ಕಾಣತೈತಿ.”

“ಡಾಗ? ನಮ್ಮ ಮುತ್ಯಾನ ಮೀಸಿಗೆ ಡಾಗ ಅಂತೀಯಲ್ಲೋ! ಮೊದಲ ನಿನ್ನ ಕಣ್ಣ ತೋರಸ್ಕೊ.”

“ಒಂದ ಬಾಜೂ ಅಷ್ಟ ಐತ್ರಿ.”

“ಇನ್ನೊಂದ ಬಾಜೂ ಹೊಗಿಗೆ ಹೋಗೇತಿ.”

“ಇಲ್ಲಿ ಮೂಗಿನ ಮ್ಯಾಲ ಬೆಳ್ಳಗ ಏನೋ ಮಿಂಚಾಕತ್ತೇತ್ರಿ.”

“ಅದಾ ನೋಡು ಡಾಗ! ತಗದ ಒಗಿ ಅದನ್ನ.”

ಮುತ್ತಪ್ಪ ಒರಿಸಿ ಒಗದ. ಮುಂದ ಕೈ ಹತ್ರ ಬಂದು ಮತ್ತ ನಿಂತ. “ಕೈಯಾಗ ಬಳಿ ಕಂಡಂಗ…”

“ಕಡಗ ಅದಾವೋ ಮಾರಾಯಾ! ಪೈಲವಾನ ಇದ್ದ ಅಂವ.” (ಮುತ್ಯಾ ಪೈಲವಾನ ಆದದ್ದು ಆ ಕ್ಷಣದಾಗ.)

“ಧೋತ್ರಕ್ಕ ದಡಿ ಭಾಳ ಅಗಲ ಐತೆಲ್ರಿ? ನಮ್ಮ ಆಯಿ ಸೀರಿಗೆ ಹಿಂಗ…”

“ಶ್ರೀಮಂತರ ಧೋತ್ರಕ್ಕ ಅಗಲ ದಡಿ ಇರತೈತಿ. ನೀ ಕೆಲಸಾ ಮಾಡು, ವಿಚಾರ ನಾ ಮಾಡತೇನಿ.”

ಕಡೀಕ ಮೀಸಿ. ಡಾಗಿನಿಂದ ಮೀಸಿ ಬೆಳಸೂದು ಹ್ಯಾಂಗಂತ ಮುತ್ತಪ್ಪ ಕೈ ಚೆಲ್ಲಿದ. ಸೋಮಪ್ಪ ಕುರ್ಚಿ ಎಳಕೊಂಡು ಕ್ಯಾಮೆರಾ ಮುಂದ ಕುಂತ. “ನಂದ ತಗಿ, ಅಂವಗ ಹಚ್ಚು. ರಕ್ತ ಒಂದ, ಮೀಸೀನೂ ಒಂದ.” ಹಂಗ ಮೊಮ್ಮಗನ ಮೀಸಿ ಮುತ್ಯಾನ ಮುಖಕ್ಕ ಹೋತು. ಮುಖಕ್ಕಿಂತ ಮೀಸಿ ಅಗಲ ಆತು, ಸ್ವಲ್ಪ ಕತ್ತರಿಸೂನೇನ್ರಿ ಅಂತ ಮುತ್ತಪ್ಪ ಕೇಳಿದ್ದಕ್ಕ, “ಮುತ್ಯಾನ ಮೀಸಿಗೆ ಇನ್ನ ಮ್ಯಾಲ ಕೈ ಹಚ್ಚಿದೆಂದ್ರ ಕೈ ಮುರೀತೇನಿ, ನೆನಪಿಟ್ಟುಕೊ!” ಅಂತ ಗುಡುಗಿದ. ಮುತ್ತಪ್ಪ ನೆನಪಿಟ್ಟುಕೊಂಡ.

ಆಮ್ಯಾಲ ಸೋಮಪ್ಪನ ಪಾಳಿ. ಕಂಬಳಿ, ಕುಡಗೋಲು, ವಸ್ತ್ರ ಎಲ್ಲಾ ಮನಿಯಿಂದ ತಂದಿದ್ದ. ಧೋತ್ರ ಉಡಾಕ ಬರಬೇಕಲ್ಲ? ಪ್ಯಾಂಟಿನಾಗ ಮುದುಕಾಗಾಕ ಬಂದ ಮನುಷ್ಯಾ. ಒಂದ ಸಲ ಕಚ್ಚಿ ಮುಂದ ಬಿಚ್ಚಿತು, ಒಂದ ಸಲ ಹಿಂದ ಬಿಚ್ಚಿತು. “ಈಗಿನ ಅರಿವ್ಯಾಗ ಮೊದಲಿನ ಹಿಡತ ಇಲ್ಲೋ ಮುತ್ತಪ್ಪ,” ಅಂದ. ಮುತ್ತಪ್ಪ ಪಿನ್ನಿನ ಡಬ್ಬಿ ತಂದ. ಮೈಯೆಲ್ಲಾ ಪಿನ್ನ ಹಾಕಿಸಿಕೊಂಡು, ಉಸರ ಬಿಗಿಹಿಡದು, ಮುತ್ಯಾನಂಗ ಎದಿ ಉಬ್ಬಿಸಿ ಸೋಮಪ್ಪ ನಿಂತ. ಫೋಟೋ ಖರೇನ ಛಲೋ ಬಂತು. ಎರಡೂ ಬಾಜೂ-ಬಾಜೂ ಇಟ್ಟರ ಯಾವುದು ಮುತ್ಯಾ, ಯಾವುದು ಮೊಮ್ಮಗ ಅಂತ ಮುತ್ತಪ್ಪಗೂ ಗೊಂದಲ ಆತು.

ಮುಂದಿನ ಸೋಮವಾರ ಮುಂಜಾನೆ ಹಾಲಿನಾಗ ಅನಾವರಣ ಸಮಾರಂಭ. ಓಣಿ ಮಂದಿಗೆ ಚಾ, ಚುರುಮರಿ, ಕರದಂಟು. ಎರಡೂ ಫ್ರೇಮಿನ ಮ್ಯಾಲ ಅಕ್ಕವ್ವನ ಛಲೋ ಶಾಲು. (ಕೇಳದ ತಗೊಂಡಿದ್ದ. ಆ ಜಗಳಾ ಬ್ಯಾರೆ.) ಸಮಾರಂಭಕ್ಕ ಹಿರೀ ಜೀವಾ ಒಂದು ಇರಲಿ ಅಂತ ಹುಕ್ಕೇರಿಯಿಂದ ಸೋದರತ್ತಿ ರಾಯವ್ವನ್ನ ಕಾರಿನಾಗ ಕರಸಿದ್ದ. ರಾಯವ್ವ ಅಂದ್ರ ಸೋಮಪ್ಪನ ಅಪ್ಪನ ಅಕ್ಕ, ಆ ಮುತ್ಯಾನ ಖಾಸಾ ಮಗಳು. ಮೈ ಬಾಗೇತಿ, ಹಲ್ಲ ಹೋಗ್ಯಾವ, ನಾಲಿಗಿ ಮಾತ್ರ ಇನ್ನೂ ಹೊಸಾದು.

ಸೋಮಪ್ಪ ಗಂಟಲಾ ಸರಿ ಮಾಡಿಕೊಂಡ. “ಮಹಾಜನರ! ಬ್ಯಾರೆಯವರ ಹಿರ್ಯಾರು ಕಡಾ ತಂದ ಕೋಟಿನಾಗ ನಿಂತ್ರು. ನಮ್ಮ ಹಿರ್ಯಾರು ದುಡಿಯೋ ವೇಷದಾಗ ನಿಂತ್ರು. ಈ ಫೋಟೋದಾಗಿನ ಜೀವಾ ಹ್ಯಾಂಗ ನಡಕೊಂಡಿತೋ, ಈ ಮನಿ ಇನ್ನ ಮ್ಯಾಲ ಹಂಗ ನಡೀತೈತಿ. ಹೊಲದ ಮಾತು ಇಲ್ಲಿಗೆ ಮುಗೀತು. ಇದು ನನ್ನ ಕಡೀ ಮಾತು!” ಅಂತ ಸೊಸಿ ಕಡೆ ಒಂದ ಸಲ ನೋಡಿ ಶಾಲು ಎಳದ.

ಚಪ್ಪಾಳಿ ಬಿತ್ತು. ರಾಯವ್ವ ಕೋಲು ಊರಿಕೋತ ಹತ್ರ ಬಂದ್ಲು. ಚಾಳೀಸ ತಗದು ಸೆರಗಿಲೆ ಒರಿಸಿ ಮತ್ತ ಹಾಕ್ಕೊಂಡ್ಲು.

“ಯವ್ವಾ… ನನ್ನ ಹಡದವ್ವಾ… ನಿನಗ ಈ ಮೀಸಿ ಯಾವ ಭಾಡ್ಯಾ ಹಚ್ಚಿದ್ನ?”

ಚಾ ಕುಡಿಯಾವ್ರ ಬಾಯಾಗಿನ ಚಾ ಬಾಯಾಗ ಉಳೀತು.

“ಅತ್ತೀ, ಕಣ್ಣಿಗೆ ಪೊರಿ ಬಂದಾವು. ಅದು ಮುತ್ಯಾ,” ಅಂದ ಸೋಮಪ್ಪ, ನಕ್ಕೋತ.

“ನನ್ನ ಹಡದಾಕಿ ಗುರ್ತ ನನಗ ಹೇಳತೀ ಏನೋ ಸೋಮ್ಯಾ? ಈಕಿ ನಮ್ಮವ್ವ ದುಂಡವ್ವ! ಆ ಕುಡಗೋಲು ತೊಳದು ಕೈಯಾಗ ಕೊಟ್ಟಾಕಿ ನಾನ!” ರಾಯವ್ವ ಕೋಲಿಲೆ ಫೋಟೋ ತೋರಿಸಿದ್ಲು. “ಇದು ಧೋತ್ರ ಅಲ್ಲೋ, ಕಚ್ಚಿ ಹಾಕಿ ಉಟ್ಟ ಸೀರಿ. ಸೆರಗು ಕಂಬಳಿ ಒಳಗ ಐತಿ. ಜೋಳದ ಗರಿ ಕೈ ಕೊಯ್ತಾವಂತ ನಮ್ಮಪ್ಪನ ಅಂಗಿ ಮ್ಯಾಲ ಹಾಕ್ಕೊಂತಿದ್ಲು, ಮುಂಜಾನಿ ಥಂಡಿಗೆ ತಲಿಗೆ ವಸ್ತ್ರ ಸುತ್ತತಿದ್ಲು. ಫೋಟೋದಾಂವ ಬಂದಾನು ಬಾ ಅಂದ್ರ, ‘ಜೋಳಾ ಬಿಟ್ಟ ಬರೂದಿಲ್ಲ, ಬೇಕಿದ್ರ ಅಂವ ಇಲ್ಲೇ ಬರಲಿ’ ಅಂದ್ಲು. ಅಂವ ಪಾಪ, ಡಬ್ಬಿ ಹೊತಗೊಂಡು ಹೊಲಕ್ಕ ಬಂದ!”

“ಮತ್ತ… ಮುತ್ಯಾ?” ಸೋಮಪ್ಪನ ದನಿ ಇಳೀತು.

“ನಮ್ಮಪ್ಪ ಗೌಡ್ರ ಕೋಟಿನ ಪಾಳಿಗೆ ನಿಂತಿದ್ದ. ಅಂವನ ಪಾಳಿ ಬರೂದ್ರಾಗ ಫೋಟೋದಾಂವ ಗೋಕಾಕದ ಬಸ್ಸ ಹತ್ತಿಬಿಟ್ಟ. ಅದಕ್ಕ ಅಪ್ಪಂದು ಒಂದೂ ಫೋಟೋ ಇಲ್ಲ ನೋಡು.”

ಅಕ್ಕವ್ವ ಇಂಥಾ ಅವಕಾಶ ಬಿಡೋ ಹೆಂಗಸಲ್ಲ. ಸೆರಗಿಲೆ ಬಾಯಿ ಒತ್ತಿಕೊಂಡು ಕೇಳಿದ್ಲು: “ಅತ್ಯಾರ, ಆಯಿ ಹೊಲದಾಗ ದುಡದ್ರ ಮುತ್ಯಾ ಏನ ಮಾಡತಿದ್ರು?”

“ಏನ ಮಾಡತಾನ? ಜೋಳದ ಹೊಲಕ್ಕ ಇಳದ್ರ ಅಂವಗ ಮೈಯೆಲ್ಲಾ ತುರಸತಿತ್ತು. ಮನ್ಯಾಗ ರೊಟ್ಟಿ ಬಡದು, ಬುತ್ತಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೊಲಕ್ಕ ತರತಿದ್ದ. ಅಂವನ ಕೈಯಾಗಿನ ರೊಟ್ಟಿ ರುಚಿ ಈ ನಾಲಿಗಿ ಇನ್ನೂ ಮರತಿಲ್ಲ,” ಅಂತ ರಾಯವ್ವ ನಕ್ಕೋತ ನಕ್ಕೋತ ಅಳಾಕ ಸುರು ಮಾಡಿದ್ಲು. ಸತ್ತು ಅರ್ಧ ಶತಮಾನ ದಾಟಿದ ತಾಯಿ ಎದರಿಗೆ ಬಂದು ನಿಂತಿದ್ಲು, ಮೀಸಿ ಹಚ್ಚಿಕೊಂಡಾದ್ರೂ.

ಹಾಲ ತುಂಬ ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ನಗದಾಕಿ ಸುಜಾತಾ ಒಬ್ಬಾಕಿ. ಆಕಿ ಮುಂದ ಬಂದು, ಆ ಎತ್ತಿ ಕಟ್ಟಿದ ಕಚ್ಚಿ, ಆ ಕುಡಗೋಲ ಹಿಡದ ಕೈ ಎಲ್ಲಾ ನೋಡಿ, ಫ್ರೇಮಿನ ಕೆಳಗ ಹಣಿ ಹಚ್ಚಿದ್ಲು. ಆಕಿ ಮುಖದಾಗ ಅಂಥಾ ಖುಷಿ ಆ ಮನ್ಯಾಗ ಯಾರೂ ನೋಡಿರಲಿಲ್ಲ.

“ಕಡೀ ಮಾತು ಅಂದ್ರಿ,” ಅಂತ ಅಕ್ಕವ್ವ ಗಂಡನ ಕಿವ್ಯಾಗ ಅಂದ್ಲು. “ಊರ ಮಂದಿ ಕೇಳ್ಯಾರ.”

ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂತಾರಲ್ಲ, ಸೋಮಪ್ಪ ಅದಕ್ಕ ಹುಟ್ಟಿದಾಂವ. ಎರಡ ಸಲ ಕೆಮ್ಮಿ, ಮತ್ತ ಎದಿ ಉಬ್ಬಿಸಿದ. “ಮತ್ತ ನಾ ಏನ ಹೇಳಿದೆ? ಈ ಫೋಟೋದಾಗಿನ ಜೀವಾ ನಡದಂಗ ಈ ಮನಿ ನಡೀತೈತಿ ಅಂತ ಹೇಳಿದೆ! ಮುತ್ಯಾ ಅಂತ ಹೆಸರ ಹೇಳಿದ್ನೇನು? ಸುಜಾತಾ, ನಾಳಿಯಿಂದ ಹೊಲಾ ನಿಂದು. ಇದು ನನ್ನ ಮನಸಿನಾಗ ಮೊದಲ ಇತ್ತು, ಸಮಾರಂಭದಾಗ ಹೇಳಬೇಕಂತ ತಡದಿದ್ದೆ.” ಮಂದಿ ಮತ್ತ ಚಪ್ಪಾಳಿ ಹೊಡದ್ರು. ಸೋಮಪ್ಪ ಅದನ್ನೂ ತನಗ ಅಂತ ತಿಳಕೊಂಡ.

“ಮತ್ತ ಬುತ್ತಿ?” ಅಂದ್ಲು ಅಕ್ಕವ್ವ.

“ಬುತ್ತಿ ಏನು?”

“ಮನಿ ಹಂಗ ನಡೀಬೇಕಂದ್ರ ಬುತ್ತಿ ಗಂಡಸೂರ ಒಯ್ಯಬೇಕು. ರೊಟ್ಟಿ ನಾ ಬಡದ ಕೊಡತೇನಿ, ಅಷ್ಟ ಮಾಫ್ ಮಾಡೇನಿ.”

ಇಷ್ಟಕ್ಕ ಮುಗೀತೇನು? ರಾಯವ್ವ ಮಂಚದ ಮ್ಯಾಲ ಪಟ್ಟು ಹಿಡದು ಕುಂತ್ಲು. ನಮ್ಮವ್ವನ ಮೀಸಿ ಹೋಗೂ ತನಕ ನಾ ಹುಕ್ಕೇರಿಗೆ ಹೋಗೂದಿಲ್ಲ ಅಂದ್ಲು. ಇತ್ತ ಓಣಿ ಮಂದಿ ಒಬ್ಬೊಬ್ಬರ ಬಂದು ಫೋಟೋ ನೋಡಿ ನಕ್ಕು ಹೋಗಾಕತ್ತಿದ್ರು. ಸೋಮಪ್ಪ ತಾಳಲಾರದ ಎರಡೂ ಫ್ರೇಮ ಇಳಿಸಿ ಮಹೇಶನ ಕೈಯಾಗ ಗೋಕಾಕಕ್ಕ ಕಳಿಸಿದ, ಮುತ್ತಪ್ಪಗ ಫೋನ ಹಚ್ಚಿದ. ಖರೆ ಸಂಗತಿ ಹೇಳಾಕ ಬಾಯಿ ಬರಬೇಕಲ್ಲ?

“ಮುತ್ತಪ್ಪ, ಕುಡಗೋಲ ಹಿಡಕೊಂಡ ನಿಂತದ್ದು ಐತೆಲ್ಲ, ಅದರ ಮೀಸಿ ಪೂರಾ ತಗಿ. ಮೂಗಿಗೆ ಮೂಗುತಿ ಇಡು. ಕೈಗೆ ಬಳಿ ಹಾಕು. ಯಾಕ ಅಂತ ಕೇಳಬ್ಯಾಡ!” ಅಂದು ಫೋನ ಕಟ್ ಮಾಡಿದ.

ಮುತ್ತಪ್ಪ ಕುಂತ ವಿಚಾರ ಮಾಡಿದ. ಕುಡಗೋಲ ಹಿಡಕೊಂಡವರು ಇಬ್ಬರದಾರ. ಮುತ್ಯಾನ ಮೀಸಿಗೆ ಕೈ ಹಚ್ಚಿದ್ರ ಕೈ ಮುರೀತೇನಿ ಅಂತ ಇದ ಮನುಷ್ಯಾ ಅಂದಾನ. ಅಂದ ಮ್ಯಾಲ ಇದು ಸಾಹುಕಾರಂದ ಫೋಟೋ. ಊರ ನಾಟಕದಾಗ ಹೆಣ್ಣಿನ ಪಾರ್ಟು ಸಿಕ್ಕಿರಬೇಕು, ಹೇಳಾಕ ನಾಚಿಕಿ ಬಂದಿರಬೇಕು. ಮುತ್ತಪ್ಪ ಮನಸಿಟ್ಟು ಕೆಲಸಾ ಮಾಡಿದ. ಸೋಮಪ್ಪನ ಮೀಸಿ ನುಣ್ಣಗ ತಗದ, ಗಲ್ಲ ಸ್ವಲ್ಪ ತಿದ್ದಿದ, ಮುತ್ತಿನ ಮೂಗುತಿ ಇಟ್ಟ, ಹಸರ ಬಳಿ ತುಂಬಿಸಿದ.

ಮಹೇಶ ಫ್ರೇಮ ತಂದು ಕಾಗದಾ ಬಿಚ್ಚಿದ ಕೂಡಲೇ ರಾಯವ್ವ ಎದ್ದ ನಿಂತು ಎರಡೂ ಕೈ ಚಾಚಿದ್ಲು. “ಇದಾ ನೋಡ್ರಿ ನಮ್ಮವ್ವ! ಹಂಗ ಹಂಗ ಬಂದಾಳ! ಅದ ಕಣ್ಣು, ಅದ ಗತ್ತು!”

ಸೋಮಪ್ಪ ಹತ್ರ ಬಂದು ನೋಡಿದ. ಕಿವಿ ತನ್ನವು. ಹೊಟ್ಟಿ ತನ್ನದು. ಕಂಬಳಿ ತುದ್ಯಾಗ ಮುತ್ತಪ್ಪನ ಪಿನ್ನು. “ಅತ್ತೀ,” ಅಂದ ಸಣ್ಣ ದನೀಲೆ, “ಅದು ನಾನು…”

“ನಿನ್ನ ಮುಖದಾಗ ಇಷ್ಟ ಕಳಾ ಯಾವಾಗ ಇತ್ತೋ, ಸುಮ್ಕಿರು!” ರಾಯವ್ವ ಫೋಟೋಕ್ಕ ಮುದ್ದು ಕೊಟ್ಲು, ಕಣ್ಣೀರು ಫ್ರೇಮಿನ ಗಾಜಿನ ಮ್ಯಾಲ ಇಳೀತು. ಅಕ್ಕವ್ವ ಗಂಡನ ರಟ್ಟಿ ಹಿಡದು ಹಿಂದಕ ಎಳದ್ಲು. “ಮುದುಕಿ ಜೀವಾ ತಂಪಾಗೇತಿ. ಬಾಯಿ ಮುಚ್ಚರಿ. ನೀವ ಹೇಳಿರಲಿಲ್ಲೇನು, ಒಂದ ಅಚ್ಚಿನವರಂತ?”

“ಆ ಮೀಸಿ ಇದ್ದ ಇನ್ನೊಂದ ಫೋಟೋ ಏನ ಮಾಡೂನ ಆಯೀ?” ಅಂತ ಮಹೇಶ ಕೇಳಿದ. ಅಂವಗ ನಗು ತಡೀಲಾರದ ಕಣ್ಣಾಗ ನೀರ ಬಂದಿದ್ದುವು.

“ಅದೂ ಇರಲಿ ಬಿಡಪ್ಪ. ನಮ್ಮಪ್ಪಂದಂತೂ ಫೋಟೋ ಇಲ್ಲ. ಅವ್ವನ ಬಾಜೂ ಅಪ್ಪ ನಿಂತಂಗ ಆಗತೈತಿ.”

ಹಿಂಗಾಗಿ ಕಲ್ಲೋಳಿಯ ಆ ಹಾಲಿನಾಗ ಈಗ ಎರಡ ಫೋಟೋ ಅದಾವ. ಎಡಕ್ಕ ದುಂಡವ್ವ, ಮುತ್ಯಾ ಆಗಿ. ಬಲಕ್ಕ ಸೋಮಪ್ಪ, ದುಂಡವ್ವ ಆಗಿ. ರಾಯವ್ವಗ ಈ ಜೋಡಿ ಬಿಟ್ಟು ಹೋಗಾಕ ಮನಸ ಬರಲಿಲ್ಲ, ಇಲ್ಲೇ ಉಳದ್ಲು.

ಒಂದ ಮುಂಜಾನೆ ಸುಜಾತಾ ಗಂಡನ ಹಳೇ ಅಂಗಿ ಹಾಕ್ಕೊಂಡು, ತಲಿಗೆ ಟವೆಲ್ ಸುತ್ತಿ, ಸಸಿಗೆ ನೀರ ಬಿಡಾಕ ಹೊಂಟ್ಲು. ಹೊಸ್ತಲಾ ದಾಟೂಕಿಂತ ಮೊದಲ ಬಲಕಿನ ಫೋಟೋಕ್ಕ ನಮಸ್ಕಾರ ಮಾಡಿದ್ಲು. ಹಿಂದ ಬುತ್ತಿ ಗಂಟ ಹಿಡಕೊಂಡು ಸೋಮಪ್ಪ ನಿಂತಿದ್ದ.

“ಏ ಸೋಮ್ಯಾ!” ಅಂತ ರಾಯವ್ವ ಮಂಚದ ಮ್ಯಾಲಿಂದ ಗದರಿಸಿದ್ಲು. “ಹಿರ್ಯಾರ ಮುಂದ ಗೂಟದಂಗ ನಿಂತೀಯಲ್ಲ? ಕೈ ಮುಗಿ!”

ಸೋಮಪ್ಪ ಗಂಟು ಕೆಳಗ ಇಟ್ಟ, ತನಗ ತಾನ ಭಕ್ತಿಯಿಂದ ಕೈ ಮುಗದ, ಮತ್ತ ಗಂಟ ಎತ್ತಿಕೊಂಡು ಸೊಸಿ ಹಿಂದ ಹೊಲದ ದಾರಿ ಹಿಡದ.